ಪೆಲಿಂಡಾಬಾ: ಬಾಂಬು ಬಿಚ್ಚಿದವರ ದಿನವಹಿ

ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಿಂದ ಆರ್104 ರಸ್ತೆ ಹಿಡಿದು ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಪೆಲಿಂಡಾಬಾ ಅಣು ಸಂಶೋಧನಾ ಕೇಂದ್ರ. ವಾರಾಂತ್ಯದ ಕಾರುಗಳೆಲ್ಲ ಇದನ್ನು ದಾಟಿ ಹಾರ್ಟ್‌ಬೀಸ್‌ಪೋರ್ಟ್ ಅಣೆಕಟ್ಟು, ಅಲ್ಲಿನ ಕೇಬಲ್ ಕಾರಿನ ಕಡೆಗೆ ಓಡುತ್ತವೆ. ಅಂಥ ಅಣೆಕಟ್ಟು ಎಲ್ಲಿ ಬೇಕಾದರೂ ಸಿಕ್ಕೀತು. ತಾನೇ ಕಟ್ಟಿದ ಅಣುಬಾಂಬುಗಳನ್ನು ತಾನೇ ಬಿಚ್ಚಿ, ಲೆಕ್ಕವನ್ನು ಹೊರಗಿನವರ ಮುಂದಿಟ್ಟ ದೇಶ ಇದೊಂದೇ.

ಬರುವವರಿಗೆ ಒಂದು ಮಾತು: ಮೊದಲೇ ಅನುಮತಿ ಪಡೆಯದೆ ಬಂದರೆ ಗೇಟಿನಿಂದಲೇ ವಾಪಸ್ ಹೋಗಬೇಕು. ಪಾಸ್‌ಪೋರ್ಟ್ ಕೈಯಲ್ಲಿರಲಿ, ಬೇಲಿಯ ಹತ್ತಿರ ಕ್ಯಾಮೆರಾ ತೆಗೆಯಬೇಡಿ.

ಜುಲು ಭಾಷೆಯಿಂದ ಬಂದ ಈ ಹೆಸರಿಗೆ ‘ಮಾತು ಮುಗಿಯಿತು’ ಎಂದರ್ಥ. ಪಕ್ಕದ ವಾಲಿಂಡಾಬಾದಲ್ಲಿ ‘ವೈ’ ಸ್ಥಾವರವಿತ್ತು. ಯುರೇನಿಯಂ ಅನಿಲವನ್ನು ಜಲಜನಕದೊಡನೆ ಬೆರೆಸಿ, ಕೊಳವೆಗಳಲ್ಲಿ ಸುಳಿಯಾಗಿ ತಿರುಗಿಸಿ, ಬಾಂಬಿಗೆ ಬೇಕಾದ ಯುರೇನಿಯಂ-235ನ್ನು ಬೇರ್ಪಡಿಸುವ ವಿಧಾನ ಅದು. ಅಲ್ಲಿಂದ ಹೊರಟ ಸರಕಿನಿಂದ ಆರು ಬಾಂಬು ತಯಾರಾದವು, ಏಳನೆಯದು ಅರ್ಧಕ್ಕೆ ನಿಂತಿತು. ಒಂದೊಂದಕ್ಕೂ ಸುಮಾರು 55 ಕಿಲೋ ಯುರೇನಿಯಂ. ಎರಡು ಭಾಗ ಮಾಡಿ ಬೇರೆ ಬೇರೆ ಭದ್ರಕೋಣೆಗಳಲ್ಲಿ ಇಡುತ್ತಿದ್ದರು.

1990ರ ಫೆಬ್ರವರಿಯಲ್ಲಿ ಬಿಚ್ಚುವ ಆದೇಶ ಬಂತು. ಲೋಹವನ್ನು ಕರಗಿಸಿ ಪೆಲಿಂಡಾಬಾಕ್ಕೆ ಮರಳಿಸಿದರು. 1991ರ ಜುಲೈ 10ರಂದು ದೇಶ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸೇರಿತು. ಬಾಂಬು ಇದ್ದ ಸಂಗತಿಯನ್ನು ಅಧ್ಯಕ್ಷ ಡಿ ಕ್ಲರ್ಕ್ ಸಂಸತ್ತಿಗೆ ತಿಳಿಸಿದ್ದು 1993ರ ಮಾರ್ಚ್ 24ರಂದು. ಅಷ್ಟರಲ್ಲಿ ವಿನ್ಯಾಸದ ಕಾಗದಗಳು ನಾಶವಾಗಿದ್ದವು, ಎಣಿಸಲು ಒಂದು ಬಾಂಬೂ ಉಳಿದಿರಲಿಲ್ಲ. ಹಾಗಾದರೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಕರು ಪರಿಶೀಲಿಸಿದ್ದಾದರೂ ಏನನ್ನು?

ಜಮಾ-ಖರ್ಚನ್ನು. ಸ್ಥಾವರಕ್ಕೆ ಒಳಹೋದ ಯುರೇನಿಯಂ ಒಂದು ಕಡೆ; ಸಮೃದ್ಧಗೊಂಡ, ಅಂದರೆ 235ರ ಪಾಲು ಹೆಚ್ಚಿಸಿದ ಸರಕು, 235 ತೆಗೆದ ಮೇಲಿನ ಉಳಿಕೆ, ಕೊಳವೆಗಳಿಗೆ ಅಂಟಿಕೊಂಡದ್ದು, ಸೋರಿಹೋದದ್ದು ಇನ್ನೊಂದು ಕಡೆ. ಎರಡೂ ತಾಳೆಯಾಗಬೇಕು. ಎಡವಟ್ಟಾಗುವುದು ಹೆಚ್ಚಾಗಿ ಉಳಿಕೆಯಲ್ಲಿ. ಅದರ ರಾಶಿ ದೊಡ್ಡದು, ಅದರೊಳಗಿನ 235ರ ಪಾಲು ತೀರಾ ಚಿಕ್ಕದು. 100 ಟನ್ ಉಳಿಕೆಯಲ್ಲಿ 235ರ ಪಾಲನ್ನು ಅಳೆಯುವಾಗ ಒಟ್ಟು ತೂಕದ ಶೇ. 0.01ರಷ್ಟು ತಪ್ಪಿದರೂ ಲೆಕ್ಕದಲ್ಲಿ 10 ಕಿಲೋ ಯುರೇನಿಯಂ-235 ಹೆಚ್ಚುಕಡಿಮೆಯಾಗುತ್ತದೆ. ಅದು ಬಚ್ಚಿಟ್ಟದ್ದೋ ಅಳತೆಯ ತಪ್ಪೋ ಎಂಬುದು ಆ ಅಂಕಿಯೊಂದನ್ನೇ ನೋಡಿದರೆ ತಿಳಿಯದು. ಇಲ್ಲಿಯೂ ಮೊದಲ ಲೆಕ್ಕ ಸರಿಹೊಂದಲಿಲ್ಲ.

ಆಗ ಕೈಹಿಡಿದದ್ದು ಸ್ಥಾವರದ ದಿನವಹಿಗಳು. ಯಾವ ದಿನ ಯಂತ್ರ ನಡೆಯಿತು, ಯಾವ ದಿನ ನಿಂತಿತು ಎಂಬುದೆಲ್ಲ ಅದರಲ್ಲಿತ್ತು. 1979ರ ಆಗಸ್ಟಿನಲ್ಲಿ ಕೊಳವೆಗಳೊಳಗೇ ಅನಿಲಗಳ ನಡುವೆ ರಾಸಾಯನಿಕ ಕ್ರಿಯೆ ನಡೆದು ಸ್ಥಾವರ ಬಹಳ ಕಾಲ ಸ್ತಬ್ಧವಾಗಿತ್ತು. ಅಂಥ ಅವಧಿಯನ್ನು ಕಳೆಯದೆ ಲೆಕ್ಕ ಹಾಕಿದರೆ ಇಲ್ಲದ ಸರಕನ್ನು ಹುಡುಕುತ್ತ ಕೂರಬೇಕಾಗುತ್ತದೆ. ತಪಾಸಕರು ದಿನದಿನದ ದಾಖಲೆಯನ್ನು ಕೂಡಿಸಿ ಕಳೆದರು, ಕೆಲಸ ಮಾಡಿದವರನ್ನು ಕೂರಿಸಿಕೊಂಡು ಕೇಳಿದರು. ಘೋಷಿಸಿದ ಲೆಕ್ಕ ಅಪೂರ್ಣ ಎನ್ನಲು ಆಧಾರವಿಲ್ಲ ಎಂಬ ತೀರ್ಮಾನಕ್ಕೆ ಕೊನೆಗೆ ಬಂದರು. ಸರ್ಕಾರವೂ ಸಕಾರಣವಿದ್ದರೆ ಯಾವಾಗ ಬೇಕಾದರೂ, ಎಲ್ಲಿ ಬೇಕಾದರೂ ಬಂದು ನೋಡಿ ಎಂದು ಬಾಗಿಲು ತೆರೆದಿತ್ತು. ಒಪ್ಪಂದದ ಕಡ್ಡಾಯಕ್ಕಿಂತ ಮುಂದೆ ಹೋಗಿ ತೆರೆದ ಬಾಗಿಲದು. ಇಡೀ ಪರಿಶೀಲನೆಯ ಜೀವ ಇರುವುದು ಅಲ್ಲೇ.

ಅಣುಬಾಂಬು ಪರೀಕ್ಷೆಗೆಂದು ಸಿದ್ಧಪಡಿಸಿದ್ದ ಕಲಹರಿ ಮರುಭೂಮಿಯ ವಾಸ್ಟ್ರಾಪ್ ದೂರವೂ ಹೌದು, ಸೇನೆಯ ಜಾಗವೂ ಹೌದು; ಪ್ರವಾಸಿಗರು ಅದರ ಆಸೆ ಬಿಡುವುದೇ ಸರಿ. ಪರೀಕ್ಷೆಗೆಂದು ಕೊರೆದ ಎರಡು ಬಾವಿಗಳು ಅಲ್ಲಿದ್ದವು, ಒಂದು 385 ಮೀಟರ್ ಆಳ, ಇನ್ನೊಂದು 216. 1993ರಲ್ಲಿ ತಪಾಸಕರ ಕಣ್ಣೆದುರೇ ಅವನ್ನು ಮುಚ್ಚಿದರು.

ಜಿನೀವಾದಲ್ಲಾಗಲಿ ನ್ಯೂಯಾರ್ಕ್‌ನಲ್ಲಾಗಲಿ ದಕ್ಷಿಣ ಆಫ್ರಿಕಾ ಇಂದಿಗೂ ಹೇಳುವುದು, ನಿಶ್ಶಸ್ತ್ರೀಕರಣವನ್ನು ಹಿಂದಕ್ಕೆ ತಿರುಗಿಸಲು ಬರಬಾರದು, ಎಲ್ಲರಿಗೂ ಕಾಣಬೇಕು, ಪರಿಶೀಲನೆಗೆ ಸಿಗಬೇಕು ಎಂದು. 2017ರ ಅಣ್ವಸ್ತ್ರ ನಿಷೇಧ ಒಪ್ಪಂದದ 4ನೇ ವಿಧಿಯಲ್ಲಿ, ಮೊದಲು ನಾಶ ಮಾಡಿ ಆಮೇಲೆ ಸೇರುವ ದೇಶಕ್ಕೂ ದಾರಿಯಿದೆ. ಸೇರಿದ ಮೇಲೆ ಅದು ಪರಿಶೀಲನೆಗೆ ಸಹಕರಿಸಲೇಬೇಕು. ಪೆಲಿಂಡಾಬಾ ನಡೆದ ದಾರಿಯೇ ಅದು. ಬಿಚ್ಚುವ ಹೊತ್ತಿಗೇ ತಪಾಸಕರು ಪಕ್ಕದಲ್ಲಿದ್ದಿದ್ದರೆ ಎರಡು ವರ್ಷದ ಅನುಮಾನ ಉಳಿಯುತ್ತಿರಲಿಲ್ಲ. ಮುಂದೆ ಬಿಚ್ಚುವವರು ಬೇಕಾದರೆ ವಿನ್ಯಾಸ ಸುಡಲಿ, ದಿನವಹಿ ಮಾತ್ರ ಸುಡಬಾರದು.