ಪಪ್ಪ ಡೇರೆಯಲ್ಲಿದ್ದ 11 ದಿನ

ಮಾತೆ ಮರಿಯಮ್ಮನ ಹುಟ್ಟುಹಬ್ಬ ಮೊಂತಿ ಫೆಸ್ತ್ ಮುಗಿಸಿ ಕಾರಿನಲ್ಲಿ ಮನೆಗೆ ಬರುತ್ತಿದ್ದೆವು. ಹಿಂದಿನ ಸೀಟಿನಿಂದ ಮಗಳು ಕೇಳಿದಳು, "ಮಮ್ಮಿ, ನಮ್ಮ ಮನೆಯಲ್ಲಿ ಯಾರೂ ರೆಫ್ಯೂಜಿ ಆಗಿಲ್ಲ ಅಲ್ವಾ?"

"ಇಲ್ಲ" ಎಂದೆ. ಒಂದು ಕ್ಷಣ ಯೋಚನೆಯೂ ಮಾಡಲಿಲ್ಲ. ಅವಳು ಸರಿ ಎಂದು ಕಿಟಕಿ ಕಡೆ ತಿರುಗಿದಳು.

ಮೂರು ವಾರ ಆಯಿತು. ಆ "ಇಲ್ಲ" ಇನ್ನೂ ಕೊರೆಯುತ್ತಿದೆ. ಯಾಕೆಂದರೆ ಅದು ಸುಳ್ಳು. ಸುಳ್ಳು ಹೇಳುತ್ತಿದ್ದೇನೆ ಎಂದು ಹೇಳುವಾಗ ನನಗೇ ಗೊತ್ತಿರಲಿಲ್ಲ. ಅದು ಇನ್ನೂ ಬೇಸರದ ಸಂಗತಿ.

ಮಗಳು ಸುಮ್ನೆ ಕೇಳಿದ್ದಲ್ಲ. ಕೆನಡಾದ ಒಂಟಾರಿಯೊದ ಈ ಸಣ್ಣ ಊರಿನಲ್ಲಿ ನಾವು ಮಂಗಳೂರು, ಉಡುಪಿ ಕಡೆಯ ಹದಿನೆಂಟು ಮನೆಯವರಿದ್ದೇವೆ. ಸೆಪ್ಟೆಂಬರ್ 8ಕ್ಕೆ ರಜೆ ಎಲ್ಲಿಂದ ಬರಬೇಕು? ಹತ್ತಿರದ ಭಾನುವಾರ ಇಗರ್ಜಿಯ, ಅಂದರೆ ಚರ್ಚಿನ, ಹಾಲ್‌ನಲ್ಲಿ ಹಬ್ಬ ಮಾಡುತ್ತೇವೆ. ಮಕ್ಕಳು ಮರಿಯಮ್ಮನಿಗೆ ಹಾಕುವ ಹೂವು ಸೂಪರ್ ಮಾರ್ಕೆಟ್‌ನದ್ದು. ಊಟ ಮಾತ್ರ ಊರಿನ ಕ್ರಮದಲ್ಲೇ. ಮೀನು ಮಾಂಸ ಇಲ್ಲ, ಪದಾರ್ಥಗಳ ಲೆಕ್ಕ ಬೆಸ ಸಂಖ್ಯೆ. ಈ ಸಲ ಒಂಬತ್ತು ಎಂದಿತ್ತು. ಅಲಸಂಡೆ ಸಿಗಲಿಲ್ಲ. ಎಂಟಕ್ಕೆ ನಿಲ್ಲಿಸುವ ಹಾಗಿಲ್ಲವಲ್ಲ, ಇನ್ನೊಂದನ್ನೂ ಬಿಟ್ಟು ಏಳು ಮಾಡಿದೆವು.

ನಮ್ಮ ಇಗರ್ಜಿಯವರು ಸ್ಪಾನ್ಸರ್ ಮಾಡಿ ಕರೆಸಿದ, ಆಫ್ರಿಕಾದ ಎರಿಟ್ರಿಯಾದ ಕುಟುಂಬವನ್ನೂ ಊಟಕ್ಕೆ ಕರೆದಿದ್ದೆ. ತಾಯಿ, ಮೂರು ಮಕ್ಕಳು. ದೊಡ್ಡವಳು ನನ್ನ ಮಗಳ ಕ್ಲಾಸು. ಪಾಯಸದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ನಮ್ಮವರೇ ಒಬ್ಬರು ಮೆಲ್ಲಗೆ ಹೇಳಿದರು: "ನಾವು ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಬರೆದು, ಪಾಯಿಂಟ್ ಲೆಕ್ಕ ಹಾಕಿ, ಊರಿನ ಜಾಗ ಅಡವಿಟ್ಟು ಬಂದವರು. ಈ ರೆಫ್ಯೂಜಿಗಳಿಗೆ ಎಲ್ಲ ಫ್ರೀ." ಕೊಂಕಣಿಯಲ್ಲಿ ಹೇಳಿದರೆ ಮಕ್ಕಳಿಗೆ ಗೊತ್ತಾಗುವುದಿಲ್ಲ ಎಂದು ದೊಡ್ಡವರ ನಂಬಿಕೆ. ರೆಫ್ಯೂಜಿ, ಫ್ರೀ, ಈ ಎರಡು ಮಾತು ಕೊಂಕಣಿಯಲ್ಲೂ ಹಾಗೇ ಇರುತ್ತವೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಫ್ರೀ ಎಂಬ ಮಾತಿಗೆ ಒಂದು ಉತ್ತರ ಕೊಡಲೇಬೇಕು. ಕೆನಡಾದಲ್ಲಿ 1979ರಿಂದ ಒಂದು ವ್ಯವಸ್ಥೆ ಉಂಟು. ಸರಕಾರ ಮಾತ್ರವಲ್ಲ, ಜನಸಾಮಾನ್ಯರು ಸೇರಿಯೂ ನಿರಾಶ್ರಿತರನ್ನು ಕರೆಸಬಹುದು. ಎಷ್ಟೋ ಕಡೆ ಇದನ್ನು ಹೊತ್ತು ನಡೆಸುವುದು ಚರ್ಚುಗಳು. ಒಂದು ವರ್ಷದ ಬಾಡಿಗೆ, ಊಟ, ಬಟ್ಟೆ, ಮಕ್ಕಳ ಶಾಲೆ, ಹಲ್ಲಿನ ಡಾಕ್ಟರು, ಬಸ್ ಹತ್ತುವುದನ್ನು ಕಲಿಸುವುದು, ಎಲ್ಲ ಕರೆಸಿದವರ ತಲೆಗೆ. ಇದು ಶುರುವಾದದ್ದು ವಿಯೆಟ್ನಾಮಿನಿಂದ ಜನ ದೋಣಿ ಹತ್ತಿ ಸಮುದ್ರಕ್ಕೆ ಬಿದ್ದ ಕಾಲದಲ್ಲಿ. 1986ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗ ಕೊಡುವ ನಾನ್ಸೆನ್ ಪದಕ ಒಬ್ಬ ವ್ಯಕ್ತಿಗಲ್ಲ, ಇಡೀ ಕೆನಡಾದ ಜನತೆಗೆ ಸಂದಿತು. ಅದೇ ದೋಣಿಯ ಜನರ ಕಷ್ಟ ಕಂಡು, ಜೆಸ್ವಿಟರು ಎಂಬ ಕಥೋಲಿಕ ಗುರುಗಳ ಸಂಘದ ಮುಖ್ಯಸ್ಥ ಪೆದ್ರೊ ಅರುಪೆ 1980ರಲ್ಲಿ ಜೆಸ್ವಿಟ್ ರೆಫ್ಯೂಜಿ ಸರ್ವಿಸ್ ಶುರು ಮಾಡಿದರು. ನಮಗೆ ಜೆಸ್ವಿಟರು ಎಂದರೆ ಮಂಗಳೂರಿನ ಅಲೋಶಿಯಸ್ ಕಾಲೇಜು, ಸೀಟು, ಮಾರ್ಕು. ಈ ಕೆಲಸದ ಸುದ್ದಿ ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ.

ನಮ್ಮ ಕಮಿಟಿಯಲ್ಲಿ ಏಳು ಜನ. ನನಗೆ ಬಂದದ್ದು ಅಡುಗೆ ಸಾಮಾನಿನ ಕೆಲಸ. ದುಡ್ಡು ಎತ್ತಲು ಪೂಜೆ ಮುಗಿದ ಮೇಲೆ ಪ್ಯಾನ್‌ಕೇಕ್ ಮಾರಿದರು, ಹಳೆ ಕೋಟು ಮಾರಿದರು. ನನ್ನ ಕೋಳಿ ಸುಕ್ಕದಿಂದ ಒಂದು ತಿಂಗಳ ಕರೆಂಟ್ ಬಿಲ್ಲು ಹುಟ್ಟಿತು ಎಂದು ಇವತ್ತಿಗೂ ಹೇಳಿಕೊಂಡು ತಿರುಗುತ್ತೇನೆ. ಅರ್ಜಿ ಹಾಕಿದಾಗ ಆ ಕುಟುಂಬ ಸುಡಾನಿನ ಖಾರ್ಟೂಮಿನಲ್ಲಿತ್ತು. ಎರಿಟ್ರಿಯಾದಲ್ಲಿ ಮಿಲಿಟರಿ ಸೇವೆಗೆ ಕೊನೆಯೇ ಇಲ್ಲ, ಅದಕ್ಕೇ ಬಿಟ್ಟು ಬಂದವರು. 2023ರ ಏಪ್ರಿಲ್‌ನಲ್ಲಿ ಖಾರ್ಟೂಮಿನಲ್ಲೇ ಯುದ್ಧ ಹತ್ತಿತು. ಓಡಿ ಬಂದ ಊರಿನಿಂದ ಮತ್ತೆ ಓಡಿ ಉಗಾಂಡಾ ಸೇರಿದರು. ಇಲ್ಲಿಗೆ ಮುಟ್ಟಿದ್ದು ಒಂದು ಫೆಬ್ರವರಿ ರಾತ್ರಿ, ಹಿಮದಲ್ಲಿ. ಮಕ್ಕಳ ತಂದೆ ಎಲ್ಲಿ ಎಂದು ಆಕೆ ಹೇಳಿಲ್ಲ. ನಾವು ಕೇಳುವುದಿಲ್ಲ.

ಒಂದು ಶನಿವಾರ ಆಕೆ ನನ್ನನ್ನು ಕಾಫಿಗೆ ಕರೆದಳು. ನಮ್ಮ ಹಾಗೆ ಐದು ನಿಮಿಷದ ಕಾಫಿ ಅಲ್ಲ. ಹಸಿ ಬೀಜವನ್ನು ಕಣ್ಣೆದುರೇ ಹುರಿದು, ಹೊಗೆಯನ್ನು ಕೈಯಿಂದ ನನ್ನ ಮುಖದ ಕಡೆ ಬೀಸಿ, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ, ಮೂರು ಸುತ್ತು ಕೊಡುವುದು. ಮೂರನೆಯ ಸುತ್ತಿಗೆ ಆಶೀರ್ವಾದ ಎಂದು ಅರ್ಥವಂತೆ, ಅದನ್ನು ಕುಡಿಯದೆ ಏಳಬಾರದು. ಜೊತೆಗೆ ಇಂಜೆರಾ. ಹುಳಿ ಬಂದ ನಮ್ಮ ಪೋಳೆಯೇ, ಅಂದರೆ ದೋಸೆ, ಅಗಲ ಜಾಸ್ತಿ. ಹಿಡಿ ಇಲ್ಲದ ಪುಟ್ಟ ಕಪ್ಪುಗಳು ಖಾರ್ಟೂಮಿನಿಂದ ಬಟ್ಟೆಯಲ್ಲಿ ಸುತ್ತಿ ತಂದವು. ಆರರಲ್ಲಿ ಉಳಿದದ್ದು ನಾಲ್ಕು, ಅದರಲ್ಲೂ ಒಂದರ ಅಂಚು ಒಡೆದಿತ್ತು. ಒಡೆದದ್ದನ್ನು ಆಕೆ ತಾನು ಇಟ್ಟುಕೊಂಡಳು.

ಈ ಕಪ್ಪಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಮೊದಲು ಪಪ್ಪನದ್ದು.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈಟಿಗೆ ನುಗ್ಗಿದಾಗ ಪಪ್ಪ ಅಲ್ಲಿ ಒಂದು ಗ್ಯಾರೇಜಿನ ಸ್ಟೋರ್ ನೋಡಿಕೊಳ್ಳುತ್ತಿದ್ದರು. ನನಗೆ ಎಂಟು ವರ್ಷ. ಕಲ್ಯಾಣಪುರದ ಹತ್ತಿರ, ಸ್ವರ್ಣಾ ಹೊಳೆಯ ಬದಿಯಲ್ಲಿ ನಮ್ಮ ಮನೆ. ಪತ್ರ ನಿಂತಿತು, ಫೋನು ಮೊದಲೇ ಇರಲಿಲ್ಲ. ಮನೆಯಲ್ಲಿ ಮೂರು ಹೊತ್ತು ರೇಡಿಯೋ. ಆ ವರ್ಷ ಮೊಂತಿ ಫೆಸ್ತಿನ ದಿನ ಮಾಯ್, ಅಂದರೆ ನನ್ನ ಅಜ್ಜಿ, ಹೊಸ ಅಕ್ಕಿ ಸುಲಿದು ಹಾಲಿಗೆ ಹಾಕಿ ಮನೆಯವರಿಗೆಲ್ಲ ಹಂಚಿದರು. ಪಪ್ಪನ ಪಾಲನ್ನು ಸಣ್ಣ ಬಟ್ಟಲಲ್ಲಿ ಹಾಕಿ, ಬಾಳೆಲೆ ಮುಚ್ಚಿ, ಮನೆಯ ಆಲ್ತಾರಿನ, ಅಂದರೆ ದೇವರ ಪೀಠದ, ಮುಂದೆ ಇಟ್ಟರು. ಮರುದಿನ ಅದು ಹುಳಿಯಾಯಿತು. ಚೆಲ್ಲಲು ಮನಸ್ಸು ಬರಲಿಲ್ಲ. ತೆಂಗಿನ ಬುಡಕ್ಕೆ ಹೊಯ್ದರು.

ಪಪ್ಪ ಬಂದದ್ದು ಸೆಪ್ಟೆಂಬರ್ ಕೊನೆಗೆ. ಕುವೈಟಿನಿಂದ ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನ್ ಗಡಿ. ಗಡಿಯ ಮರಳುಗಾಡಿನಲ್ಲಿ 11 ದಿನ ಡೇರೆ. ಆಮೇಲೆ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ, ಬೊಂಬಾಯಿಯಿಂದ ಬಸ್ಸು. ಅಲ್ಲಿ ಸಿಕ್ಕಿಬಿದ್ದ ಭಾರತೀಯರನ್ನು ಊರಿಗೆ ತಂದ ಲೆಕ್ಕ ಹೀಗೆ: 59 ದಿನ, 488 ಹಾರಾಟ, ಒಂದು ಲಕ್ಷಕ್ಕೂ ಮೀರಿದ ಜನ. ಆ ಲೆಕ್ಕದಲ್ಲಿ ನಮ್ಮ ಪಪ್ಪನೂ ಒಬ್ಬರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ. ಅದರಲ್ಲಿ ಪಾಸ್‌ಪೋರ್ಟ್, ಒಂದು ಟವೆಲ್, ನನಗೆಂದು ತೆಗೆದಿಟ್ಟಿದ್ದ ಪೆನ್ಸಿಲ್ ಬಾಕ್ಸು. ಊರಿನಲ್ಲಿ ಇಂಥವರನ್ನು ಯಾರೂ ನಿರಾಶ್ರಿತರು ಎನ್ನಲಿಲ್ಲ. ಕುವೈಟ್ ರಿಟರ್ನ್ ಎಂದರು. ಎಷ್ಟು ಒಳ್ಳೆಯ ಹೆಸರು ನೋಡಿ, ಕೇಳಿದರೆ ಪೇಟೆಯ ಸೀರೆ ಅಂಗಡಿಯ ಹಾಗೆ ಉಂಟು.

ಇದು ನಮ್ಮಲ್ಲಿ ಹೊಸತೂ ಅಲ್ಲ. ಹಿರಿಯರು ಗೋವಾದಿಂದ ಬಂದವರು ಎಂದು ಮದುವೆ ಹಾಲಿನ ಮೈಕಿನಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಬರಗಾಲ, ಮರಾಠರ ದಾಳಿ, ಇನ್‌ಕ್ವಿಸಿಷನ್, ಹೀಗೆ ಒಂದಲ್ಲ ಒಂದರಿಂದ ತಪ್ಪಿಸಿಕೊಂಡು ಗಂಟುಮೂಟೆ ಕಟ್ಟಿದವರು ಎಂದು ಹೇಳುವಾಗ ಸ್ವರ ಇಳಿಯುತ್ತದೆ. ಕರಾವಳಿಯಲ್ಲಿ ಅವರಿಗೆ ಉಳುವ ನೆಲ ಕೊಟ್ಟು ಕೂರಿಸಿದವರು ಇಕ್ಕೇರಿಯ ಅರಸರು ಎಂಬುದಂತೂ ಊಟಕ್ಕೆ ಏಳುವ ಗಡಿಬಿಡಿಯಲ್ಲಿ ಹೋಗಿಬಿಡುತ್ತದೆ.

ಪಪ್ಪ ಬಂದ ಮರು ವರ್ಷ ನಮ್ಮ ಗದ್ದೆಗಳ ಆಚೆ ಕೊಂಕಣ ರೈಲಿನ ಕೆಲಸ ನಡೆಯುತ್ತಿತ್ತು. ಮಣ್ಣು ಹೊರಲು ಬಿಜಾಪುರದ ಕಡೆಯವರು ಬಂದು ಟಾರ್ಪಾಲು ಕಟ್ಟಿ ಕೂತಿದ್ದರು. ಘಟ್ಟದವರು ಎಂದು ನಾವು ಕರೆಯುತ್ತಿದ್ದೆವು. ಆ ಶಬ್ದವನ್ನು ಯಾವ ರಾಗದಲ್ಲಿ ಹೇಳುತ್ತಿದ್ದೆವು ಎಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಸಂಜೆ ಗಾಳಿಮಳೆಗೆ ಅವರ ಟಾರ್ಪಾಲು ಹಾರಿಹೋಯಿತು. ನಾವು ತೇರ್ಸ್‌ಗೆ, ಅಂದರೆ ಸಂಜೆಯ ಜಪಸರದ ಪ್ರಾರ್ಥನೆಗೆ, ಕೂತಿದ್ದೆವು. ಒಬ್ಬಳು ಹೆಂಗಸು, ಎರಡು ಮಕ್ಕಳು, ಅಂಗಳದ ಆಚೆ ನಿಂತರು. ಮಾಯ್ ನೋಡಿದರು. ಜಪಸರ ನಿಲ್ಲಿಸಲಿಲ್ಲ. ಜಪಸರದ ಐದು ರಹಸ್ಯ, ಮರಿಯಮ್ಮನ ಸ್ತುತಿಮಾಲೆ ಲದಿನ್ಯಾ, ಪ್ರಯಾಣದಲ್ಲಿರುವವರಿಗಾಗಿ ಒಂದು ಪ್ರಾರ್ಥನೆ, ಎಲ್ಲ ಮುಗಿದ ಮೇಲೆ ಎದ್ದರು. ಮಾಯ್ ಕೆಟ್ಟವರಾಗಿರಲಿಲ್ಲ. ಬಿಸಿ ಗಂಜಿ ಕೊಟ್ಟರು, ಮಿಡಿ ಉಪ್ಪಿನಕಾಯಿ ಕೊಟ್ಟರು, ಹಟ್ಟಿಯಲ್ಲಿ ಒಣ ಹುಲ್ಲು ಹಾಸಿಸಿದರು. ನೀರು ಕೊಡಲು ನನ್ನನ್ನು ಕಳಿಸಿದರು. ಒಳಗಿನ ಸ್ಟೀಲ್ ಲೋಟ ಎತ್ತಿಕೊಂಡೆ. "ಅದಲ್ಲ" ಎಂದರು. ಹಟ್ಟಿ ಗೋಡೆಯ ಮೇಲೆ ಬೋರಲು ಹಾಕಿದ ಅಲ್ಯೂಮಿನಿಯಂ ಲೋಟ ಒಂದಿತ್ತು, ಕೆಲಸದವರದ್ದು. ಅದನ್ನು ತೊಳೆದು ಕೊಟ್ಟೆ. ಪಪ್ಪ ಜಗಲಿಯ ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಏನೂ ಹೇಳಲಿಲ್ಲ.

ಅಂಚು ಒಡೆಯದ ಕಪ್ಪು ನನ್ನ ಕೈಗೆ ಬಂದಾಗ ನೆನಪಾದದ್ದು ಆ ಲೋಟ.

ಸೆಪ್ಟೆಂಬರ್ ಕೊನೆಯ ಭಾನುವಾರ ಪೂಜೆಯಲ್ಲಿ ಫಾದರ್ ವಲಸಿಗರ ಮತ್ತು ನಿರಾಶ್ರಿತರ ದಿನದ ಬಗ್ಗೆ ಮಾತಾಡಿದರು. ಅದು ಕಥೋಲಿಕ ಸಭೆಯಲ್ಲಿ 1914ರಿಂದ ನಡೆದು ಬಂದದ್ದು. ಪೋಪ್ ಫ್ರಾನ್ಸಿಸ್ 2013ರ ಜುಲೈಯಲ್ಲಿ, ರೋಮಿನಿಂದ ಹೊರಗೆ ಮಾಡಿದ ಮೊದಲ ಪ್ರಯಾಣದಲ್ಲೇ, ಇಟಲಿಯ ಲಂಪೆದೂಸ ದ್ವೀಪಕ್ಕೆ ಹೋಗಿ, ವಲಸೆ ಬರುವಾಗ ಕಡಲಲ್ಲಿ ಸತ್ತವರಿಗಾಗಿ ಹೂಮಾಲೆ ಬಿಟ್ಟದ್ದನ್ನು ನೆನಪಿಸಿದರು. ಆಮೇಲೆ ಫ್ರಾನ್ಸಿಸ್ ಹೇಳುತ್ತಿದ್ದ ನಾಲ್ಕು ಕೆಲಸ: ಬರಮಾಡಿಕೊಳ್ಳುವುದು, ಕಾಪಾಡುವುದು, ಬೆಳೆಯಲು ಬಿಡುವುದು, ಜೊತೆಗೆ ಸೇರಿಸಿಕೊಳ್ಳುವುದು. ಮೊದಲಿನ ಎರಡು ನಮ್ಮ ಮಾಯ್ ಮಾಡಿದ್ದರು. ಗಂಜಿ, ಹಟ್ಟಿ. ನಾಲ್ಕನೆಯದಕ್ಕೆ ಬರುವಾಗ ಲೋಟ ಅಡ್ಡ ಬಂತು. ಪಾಯಸದ ಸಾಲಿನಲ್ಲೂ ಅಡ್ಡ ಬಂದದ್ದು ಅದೇ ಇರಬೇಕು.

ಆ ಸಂಜೆ ಮಗಳನ್ನು ಕೂರಿಸಿ, ಕಾರಿನಲ್ಲಿ ಹೇಳಿದ್ದು ತಪ್ಪು ಎಂದೆ. ಕುವೈಟಿನ ಕಥೆ ಹೇಳಿದೆ. ಅವಳಿಗೆ ತಡೆಯಲಾಗಲಿಲ್ಲ. ವೀಡಿಯೊ ಕಾಲ್ ಹತ್ತಿದ ಕೂಡಲೇ, "ಅಜ್ಜಾ, ನೀವು ರೆಫ್ಯೂಜಿ ಆಗಿದ್ರಾ?"

"ಯಾರು ಹೇಳಿದ್ದು? ನನ್ನ ಹತ್ತಿರ ಪಾಸ್‌ಪೋರ್ಟ್ ಇತ್ತು" ಎಂದರು ಪಪ್ಪ, ಸ್ವಲ್ಪ ಖಾರವಾಗಿ.

"ಮತ್ತೆ ಟೆಂಟಿನಲ್ಲಿ ಇದ್ದದ್ದು?"

ಪಪ್ಪ ಕನ್ನಡಕ ತೆಗೆದು ಒರೆಸಿದರು. ನೆಟ್ ನಿಂತಿತೋ ಎಂದುಕೊಂಡೆ. ಆಮೇಲೆ, 35 ವರ್ಷದಲ್ಲಿ ನನಗೆ ಹೇಳದ್ದನ್ನು ಒಂಬತ್ತು ವರ್ಷದ ಹುಡುಗಿಗೆ ಹೇಳಿದರು. ಡೇರೆಗೆ ಒಬ್ಬ ಅರಬ್ ಸಿಸ್ಟರ್ ಬರುತ್ತಿದ್ದರಂತೆ. "ಬ್ರೆಡ್ಡು ಎಲ್ಲರೂ ಕೊಟ್ಟರು ಬಾಯ್. ನೀರೂ ಕೊಟ್ಟರು. ಆ ಸಿಸ್ಟರ್ ಮಾತ್ರ ಒಂದು ಬ್ಲೇಡು, ಒಂದು ತುಂಡು ಸಾಬೂನು ತಂದುಕೊಟ್ಟರು. ಗಡ್ಡ ತೆಗೆದ ಮೇಲೆ ಸಾಲಿನಲ್ಲಿ ನಿಲ್ಲಲು ಅಷ್ಟು ನಾಚಿಕೆ ಆಗಲಿಲ್ಲ."

ಅಷ್ಟು ಹೇಳಿ ಫೋನನ್ನು ಮಮ್ಮಿಯ ಕೈಗೆ ಕೊಟ್ಟು ಎದ್ದು ಹೋದರು. ಮಮ್ಮಿ ಎಂದಿನ ಹಾಗೆ ಊರಿನ ಸುದ್ದಿ ಸುರು ಮಾಡಿದರು. ಹಿಂದಿನ ಕೋಣೆಗೆ ಜಾರ್ಖಂಡಿನ ನಾಲ್ಕು ಹುಡುಗರು ಬಾಡಿಗೆಗೆ ಬಂದಿದ್ದಾರೆ, ಮಲ್ಪೆಯಲ್ಲಿ ಮೀನಿನ ಕೆಲಸ, ನಮ್ಮವರೇ, ಕಥೋಲಿಕರು. ಭಾನುವಾರ ತಪ್ಪದೆ ಪೂಜೆಗೆ ಬರುತ್ತಾರೆ. "ಬೆಂಚಿನಲ್ಲಿ ಜಾಗ ಇದ್ದರೂ ಹಿಂದೆ ಬಾಗಿಲ ಹತ್ತಿರ ನಿಲ್ಲುವುದು. ಎಂತಕ್ಕೋ ಗೊತ್ತಿಲ್ಲ."

"ಮಮ್ಮಿ, ಹಟ್ಟಿ ಗೋಡೆ ಮೇಲೆ ಒಂದು ಅಲ್ಯೂಮಿನಿಯಂ ಲೋಟ ಇತ್ತಲ್ಲ, ಅದು ಏನಾಯಿತು?"

"ಯಾವ ಲೋಟ?" ಮಮ್ಮಿ ಸ್ವಲ್ಪ ಯೋಚಿಸಿದರು. "ಅದಾ? ಉಂಟಲ್ಲ. ಕೋಳಿಗೆ ಅಕ್ಕಿ ಅಳೆಯಲು ಇಟ್ಟಿದ್ದೇನೆ. ಎಂತಕ್ಕೆ, ನಿನಗೆ ಬೇಕಾ?"