ಎರಡು ಲಕ್ಷ ದಾಟಿದ ಇನ್ನೋವಾ

ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋಣ ಅಂತ ಇವತ್ತು ಬೆಳಿಗ್ಗೆ ಶಿವಮೊಗ್ಗದಲ್ಲಿ ಒಂದು ಇನ್ನೋವಾ ನೋಡಿ ಬಂದೆ. 2013ರ ಡೀಸೆಲ್ ಗಾಡಿ. ಮೀಟರ್‌ನಲ್ಲಿ 2,18,000 ಕಿಲೋಮೀಟರ್. ನೋಡಿದ ಕೂಡಲೇ ಎದೆ ಧಸಕ್ ಅಂದಿತು.

ಹೋದ ವಾರ ನೋಡಿದ ಬೇರೊಂದು ಕಾರು ಬರೀ 60,000 ತೋರಿಸುತ್ತಿತ್ತು. ಆದರೆ ಕ್ಲಚ್ ಪೆಡಲ್‌ನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿತ್ತು. ಸ್ಟೀರಿಂಗ್ ಕೈ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಅಷ್ಟು ಕಮ್ಮಿ ಓಡಿದ ಗಾಡಿ ಹಾಗಿರಲ್ಲ, ಅಲ್ವಾ? ಮೀಟರ್ ತಿರುಗಿಸಿದ್ದಾರೆ ಅನ್ನಿಸಿ ಬಿಟ್ಟು ಬಂದೆ.

ಇವತ್ತು ನೋಡಿದ ಇನ್ನೋವಾದ ಯಜಮಾನರು ನಾನು ಕೇಳುವ ಮೊದಲೇ ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದಿಟ್ಟರು. ಇಷ್ಟೂ ವರ್ಷದ ಸರ್ವಿಸ್ ಬಿಲ್ಲುಗಳು, ತಾರೀಖಿನ ಪ್ರಕಾರ ಜೋಡಿಸಿದ್ದು. ಟೈಮಿಂಗ್ ಬೆಲ್ಟ್ ಬದಲಾಯಿಸಿದ ಬಿಲ್ಲೂ ಇತ್ತು. ಅದು ಓಡುವಾಗ ತುಂಡಾದರೆ ಇಂಜಿನ್ನಿಗೇ ಪೆಟ್ಟು, ಅದಕ್ಕೇ ಮೊದಲು ಅದನ್ನೇ ಹುಡುಕಿದೆ. ಜೊತೆಗೆ ಬಂದಿದ್ದ ಮೆಕ್ಯಾನಿಕ್ ಅಣ್ಣ ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿಸಿ, ಆಯಿಲ್ ಮುಚ್ಚಳ ತೆಗೆದು ಮೇಲೆ ಅಂಗೈ ಹಿಡಿದರು. "ಹೊಗೆ ಜಾಸ್ತಿ ಇಲ್ಲ, ಇಂಜಿನ್ ಚೆನ್ನಾಗಿದೆ. ಸಸ್ಪೆನ್ಷನ್ ಕೆಲಸ ಇದೆ, ಅಷ್ಟೇ" ಅಂದರು.

ಆರ್‌ಸಿ 15 ವರ್ಷಕ್ಕೆ, ಅಂದರೆ 2028ಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ಮಾಡಿಸಿ 5 ವರ್ಷಕ್ಕೆ ರಿನೀವಲ್ ಮಾಡಿಸಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ.

ಹೊರಡುವಾಗ ಆ ಯಜಮಾನರು ಬಾನೆಟ್ ಮೇಲೆ ಬಿದ್ದಿದ್ದ ಎಲೆ ತೆಗೆದು, ಹೆಗಲ ಮೇಲಿನ ಟವೆಲ್‌ನಲ್ಲಿ ಒರೆಸಿದರು. ಮಾರಲು ನಿಲ್ಲಿಸಿದ ಗಾಡಿಯನ್ನು! ಅದೇ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪ ಅಮ್ಮನನ್ನು ಕೂರಿಸಿಕೊಂಡು ಓಡಾಡುವ ಗಾಡಿ ಇಂಥವರ ಕೈಯಿಂದಲೇ ಬರಲಿ ಅನ್ನಿಸಿತು. ಭಾನುವಾರ ಹೋಗಿ ಅಡ್ವಾನ್ಸ್ ಕೊಟ್ಟು ಬರುತ್ತೇನೆ.