ಗೋಡೆಯ ಮೇಲಿನ ಮೂರು ಗೆರೆ

ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದದ್ದು ಬೆಳಗಿನ ಜಾವ. ಹಿಂದೆಯೇ ಗೆಳೆಯನೊಬ್ಬ ಇಂಗ್ಲಿಷಿನಲ್ಲಿ ಬರೆದ: 'ಹಿ ವಾಸ್ ದ ಮೋಸ್ಟ್ ಕೈಂಡೆಸ್ಟ್ ಟೀಚರ್.' ನನ್ನ ಕಣ್ಣಲ್ಲಿ ನೀರಿತ್ತು ನಿಜ. ಆದರೂ ಕೈ ಸುಮ್ಮನಿರಲಿಲ್ಲ. 'ಮೋಸ್ಟ್ ಬೇಡ, ಕೈಂಡೆಸ್ಟ್ ಸಾಕು' ಅಂತ ಹಾಕಿಬಿಟ್ಟೆ. ಎರಡೇ ನಿಮಿಷಕ್ಕೆ ಅವನ ಫೋನ್ ಬಂತು. "ಮೇಷ್ಟ್ರು ಹೋಗಿದ್ದಾರೆ ಕಣೋ, ನೀನು ಗ್ರಾಮರ್ ತಿದ್ದುತ್ತಾ ಕೂತಿದ್ದೀಯಲ್ಲ!" ಬೈದದ್ದು ಸರಿಯೇ. ಆದರೆ ಈ ಚಟ ಅಂಟಿಸಿದವರೂ ಅದೇ ಮೇಷ್ಟ್ರು.

ಎಂಟನೇ ಕ್ಲಾಸಿನಲ್ಲಿ ಏನೇನು ಓದಿದೆ ಅಂತ ಕೇಳಿದರೆ ನನಗೆ ಒಂದೂ ನೆನಪಿಲ್ಲ. ಇಂಗ್ಲಿಷಿನಲ್ಲಿ ಒಂದನ್ನೊಂದಕ್ಕೆ ಹೋಲಿಸಿ ಹೇಳುವ ಪಾಠ, ಡಿಗ್ರೀಸ್ ಆಫ್ ಕಂಪ್ಯಾರಿಸನ್ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತು ಮೇಷ್ಟ್ರು ಪುಸ್ತಕ ತೆಗೆಯಲೇ ಇಲ್ಲ. ಮೂವರನ್ನು ಕರೆದು ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿದರು. ತಲೆಯ ಮೇಲೆ ಸ್ಕೇಲು ಇಟ್ಟು, ಸೀಮೆಸುಣ್ಣದಲ್ಲಿ ಒಂದೊಂದು ಗೆರೆ ಎಳೆದರು. ಟಾಲ್, ಟಾಲರ್, ಟಾಲೆಸ್ಟ್. ನಾನು ನಡುವಿನವನು.

ಮರುದಿನ ಟಾಲೆಸ್ಟ್ ಹುಡುಗ ಗೈರುಹಾಜರು. ಉಳಿದ ಇಬ್ಬರನ್ನೇ ನಿಲ್ಲಿಸಿ, ನನ್ನನ್ನು ತೋರಿಸಿ, "ಈಗ ಇವನೇನು?" ಅಂದರು. "ಟಾಲೆಸ್ಟ್ ಸಾರ್!" ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ. ಮೇಷ್ಟ್ರು ನಕ್ಕರು. "ಇಬ್ಬರೇ ಇದ್ದರೆ ಟಾಲೆಸ್ಟ್ ಎಲ್ಲಿಂದ ಬರ್ತಾನೆ? ದ ಟಾಲರ್ ಆಫ್ ದ ಟೂ." ಒಂದು ದಿನದ ಪಟ್ಟವೂ ತಪ್ಪಿಹೋಯಿತು. ಕಾಲೇಜು ಮುಗಿಸುವ ಹೊತ್ತಿಗೆ ಆ ಉದ್ದನೆಯವನನ್ನು ನಾನು ಎರಡು ಇಂಚು ಮೀರಿಸಿದ್ದೆ. ಅದೂ ಇಲ್ಲಿ ದಾಖಲಾಗಿರಲಿ.

ನಾವು ಎಲ್ಲಿ ಎಡವುತ್ತೇವೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. "ಕನ್ನಡದಲ್ಲಿ 'ಅವನಿಗಿಂತ ಇವನು ಎತ್ತರ' ಅಂತೀರಿ. 'ಎತ್ತರ' ಕೂತ ಜಾಗದಿಂದ ಅಲುಗಾಡಲ್ಲ, ದುಡಿಯೋದೆಲ್ಲ 'ಗಿಂತ'. ಇಂಗ್ಲಿಷಿನಲ್ಲಿ ದ್ಯಾನ್ ಹಾಕಿದರೆ ಮುಗಿಯಲಿಲ್ಲ, ಟಾಲ್ ಕೂಡ ಟಾಲರ್ ಆಗಬೇಕು." ನಾವು ಬರೆಯುತ್ತಿದ್ದದ್ದು 'ಟಾಲ್ ದ್ಯಾನ್ ಮಿ'. ಅದಕ್ಕೆ ಬೈಸಿಕೊಂಡ ಮೇಲೆ ಭಯಕ್ಕೆ ಎರಡನ್ನೂ ಸೇರಿಸಿ 'ಮೋರ್ ಟಾಲರ್' ಅಂತಿದ್ದೆವು. ಗಿಡ್ಡ ಪದಕ್ಕೆ ಹಿಂದೆ ಬಾಲ, ಬ್ಯೂಟಿಫುಲ್ ಥರದ ಉದ್ದ ಪದಕ್ಕೆ ಮುಂದೆ ಮೋರ್; ಎರಡೂ ಒಟ್ಟಿಗೆ ಬೇಡ. ಗುಡ್, ಬೆಟರ್, ಬೆಸ್ಟ್ ಮಾತ್ರ ಬಾಯಿಪಾಠವೇ ಗತಿ. 'ಸೀನಿಯರ್ ದ್ಯಾನ್' ಅಂದರೆ ಮೇಷ್ಟ್ರ ಮುಖ ಕೆಂಪಾಗುತ್ತಿತ್ತು. ಅದು ಲ್ಯಾಟಿನ್‌ನಿಂದ ಬಂದದ್ದು, ಸೀನಿಯರ್ ಟು ಅನ್ನಬೇಕು. ನಮ್ಮ ಆಫೀಸಿನಲ್ಲಿ ಇವತ್ತಿಗೂ ಇದನ್ನು ತಪ್ಪದೆ ಬರೆಯುವವನು ನಾನೊಬ್ಬನೇ. ಜಂಬ ಅಂದುಕೊಂಡರೂ ಪರವಾಗಿಲ್ಲ.

ಈಗ ತಂಗಿಯ ಮಗಳು ಇದೇ ಪಾಠ ಓದುತ್ತಿದ್ದಾಳೆ. ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಒಂದಕ್ಕೆ ಟಿಕ್ ಹಾಕಿದರೆ ಆಯಿತು. ಮಾರ್ಕ್ಸ್ ನನಗಿಂತ ಜಾಸ್ತಿ. 'ಮೋರ್ ಬೆಟರ್' ಯಾಕೆ ತಪ್ಪು ಅಂತ ಕೇಳಿದೆ. "ಫೋನಿನಲ್ಲಿ ಕೆಂಪು ಗೆರೆ ಬರತ್ತೆ ಮಾಮ" ಅಂದಳು. ಬೆಟರ್‌ನಲ್ಲೇ ಮೋರ್ ಇದೆ ಅಂತ ಅವಳಿಗೆ ಯಾರೂ ಹೇಳಿಲ್ಲ. ಗೋಡೆಗೆ ನಿಲ್ಲಿಸಿಯೂ ಇಲ್ಲ.

ಇನ್ನು ನನ್ನ ಕಿತಾಪತಿ. ಒಂದು ಮಧ್ಯಾಹ್ನ ಅವರು ಬರುವ ಮುಂಚೆ ಬೋರ್ಡಿನ ಮೇಲೆ 'ಅವರ್ ಮಾಸ್ಟರ್ ಈಸ್ ದ ಮೋಸ್ಟ್ ಸ್ಟ್ರಿಕ್ಟೆಸ್ಟ್' ಅಂತ ಬರೆದಿಟ್ಟೆ. ಬಂದರು. ಓದಿದರು. ಯಾರು ಬರೆದದ್ದು ಅಂತ ಕೇಳಲಿಲ್ಲ. ಡಸ್ಟರ್ ತಗೊಂಡು 'ಮೋಸ್ಟ್' ಒಂದನ್ನೇ ಒರೆಸಿದರು. ಉಳಿದ ಸಾಲಿನ ಕೆಳಗೆ ನಿಂತು ಪೀರಿಯಡ್ ಪೂರ್ತಿ ಪಾಠ ಮಾಡಿದರು.

ಏಟು ಬಿದ್ದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಇದು ಮಾತ್ರ ಕೊರೆಯತೊಡಗಿತು. ವಾರ ಕಳೆಯುವಷ್ಟರಲ್ಲಿ ಅಣ್ಣನ ಕಾಲೇಜು ಪುಸ್ತಕದಲ್ಲಿ ನನಗೆ ಸಾಕ್ಷಿ ಸಿಕ್ಕಿತು. ಶೇಕ್ಸ್‌ಪಿಯರನ 'ಜೂಲಿಯಸ್ ಸೀಸರ್', ಮೂರನೇ ಅಂಕ. ಸೀಸರನ ಹೆಣದ ಮುಂದೆ ನಿಂತು ಆಂಟನಿ ಬ್ರೂಟಸ್‌ನ ಇರಿತವನ್ನು 'ಮೋಸ್ಟ್ ಅನ್‌ಕೈಂಡೆಸ್ಟ್' ಅನ್ನುತ್ತಾನೆ! ಪುಸ್ತಕ ಹಿಡಿದು ಸ್ಟಾಫ್ ರೂಮಿಗೆ ಓಡಿದೆ.

ಮೇಷ್ಟ್ರು ಕನ್ನಡಕ ಏರಿಸಿ ಆ ಸಾಲು ಓದಿದರು. ಕೂತುಕೋ ಅಂದರು. ಸ್ಟಾಫ್ ರೂಮಿನ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. "ಇದು 1599ರ ಸುಮಾರಿನ ನಾಟಕ. ಆಗ ಮಾತಿಗೆ ಒತ್ತು ಕೊಡೋಕೆ ಎರಡೂ ಹಾಕ್ತಿದ್ರು. ಆಮೇಲೆ ವ್ಯಾಕರಣ ಬರೆಯೋರು ಬಂದು ಕತ್ತರಿ ಹಾಕಿದ್ರು." ಎಷ್ಟೋ ವರ್ಷದ ನಂತರ ಹುಡುಕಿ ನೋಡಿದೆ. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ ಬರೆದ ವ್ಯಾಕರಣದಲ್ಲಿ ಈ ಜೋಡಿ ಪ್ರಯೋಗ ಸಲ್ಲದು ಅಂತಿದೆ.

"ಹಾಗಾದ್ರೆ ನಾನು ಬರೆದದ್ದು ಸರಿ ಅಲ್ವಾ ಸಾರ್?"

"ಶೇಕ್ಸ್‌ಪಿಯರ್ ಆ ಕಾಲದವನು. ಪೇಪರ್ ತಿದ್ದೋನು ಈ ಕಾಲದವನು ಕಣಯ್ಯ" ಅಂದರು. ಬೋರ್ಡಿನ ಮೇಲೆ ಬರೆದವನು ನಾನೇ ಅಂತ ಒಪ್ಪಿಕೊಂಡುಬಿಟ್ಟೆನಲ್ಲ ಅನ್ನೋದು ಹೊಳೆದದ್ದು ಕ್ಲಾಸಿಗೆ ವಾಪಸ್ ಬಂದ ಮೇಲೆ.

ಗೆಳೆಯನಿಗೆ ಮತ್ತೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ಅಂದ್ರೆ ನಾನು ಬರೆದದ್ದು ಸರಿನಾ?" ಅಂದ. "ಪರೀಕ್ಷೆಯಲ್ಲಿ ಅಲ್ಲ" ಅಂದೆ. ಫೋನ್ ಇಟ್ಟು, ಗುಂಪಿನಲ್ಲಿ ನಾನು ಹಾಕಿದ್ದ ತಿದ್ದುಪಡಿ ಅಳಿಸಿದೆ. ಅವನ 'ಮೋಸ್ಟ್' ಹಾಗೇ ಇದೆ.